ಕಾಚಂಪುಳಿಗೆ ಗಿರಾಕಿ ಹುಡುಕಿದ ಮಳೆಗಾಲ

ಈ ವರ್ಷ ಜೂನ್ ತಿಂಗಳ ಕೊನೆಯಲ್ಲಿ ವಿರಾಜಪೇಟೆಯಿಂದ ಗೋಣಿಕೊಪ್ಪಕ್ಕೆ ಹೋಗುತ್ತಿದ್ದಾಗ, ಬಿಟ್ಟಂಗಾಲದ ಹತ್ತಿರ ನಮ್ಮ ಬಸ್ಸು ಎದುರಿನ ಲಾರಿಗೆ ದಾರಿ ಬಿಡಲೆಂದು ರಸ್ತೆಯ ಅಂಚಿಗೆ ಸರಿಯಿತು. ಚಕ್ರದಡಿಯಲ್ಲಿ ಏನೋ ಒಂದರ ಹಿಂದೊಂದು ಒಡೆದ ಸದ್ದಾಯಿತು. ಮರುಕ್ಷಣ ಕಿಟಕಿಯ ಸಂದಿಯಿಂದ ಒಂದು ಹುಳಿ ವಾಸನೆ ಒಳಗೆ ಬಂತು. ಹಲ್ಲಿನ ಬುಡದಲ್ಲಿ ನೀರೂರಿಸುವ, ತುಸು ಕೊಳೆತ, ತುಸು ಸಿಹಿಯಾದ ವಾಸನೆ. ರಸ್ತೆಗೆ ಬಾಗಿದ ಮರದಿಂದ ಉದುರಿದ ಪಣಪುಳಿ ಹಣ್ಣುಗಳು ಡಾಂಬರಿನ ಮೇಲೆ ಹಳದಿ ಕೆಸರಾಗಿ ಹರಡಿದ್ದವು. ಪಕ್ಕದಲ್ಲಿ ಕೂತಿದ್ದ ಹೆಂಗಸು ಮೂಗಿಗೆ ಸೆರಗು ಹಿಡಿದರು. ನಾನು ಕಿಟಕಿಯನ್ನು ಇನ್ನಷ್ಟು ಸರಿಸಿದೆ.

ಪಣಪುಳಿಯ ರಸವನ್ನು ಕುದಿಸಿ ಕುದಿಸಿ ಕಪ್ಪಗೆ ಮಾಡಿದರೆ ಕಾಚಂಪುಳಿ. ಕೊಡಗಿನಲ್ಲಿ ಹಂದಿಮಾಂಸದ ಅಡುಗೆಗೆ ಕಡೆಯಲ್ಲಿ ಎರಡು ಚಮಚ ಅದು ಬೀಳದಿದ್ದರೆ ಅಡುಗೆ ಮುಗಿಯಿತೆಂದು ಯಾರೂ ಒಪ್ಪುವುದಿಲ್ಲ. ನಾಲ್ಕು ವರ್ಷದ ಹಿಂದೆ ಒಂದು ಇಡೀ ಮಳೆಗಾಲವನ್ನು ನಾನು ಈ ಕಪ್ಪು ದ್ರವಕ್ಕೆ ಅಂತರ್ಜಾಲದಲ್ಲಿ ಗಿರಾಕಿ ಹುಡುಕುವುದರಲ್ಲಿ ಕಳೆದೆ. ಆಗ ಮಾಡಿದ್ದು ಸರಿಯೋ ತಪ್ಪೋ ಎಂದು ತೀರ್ಮಾನಿಸಲು ಹಲವು ಸಲ ಕೂತಿದ್ದೇನೆ, ತೀರ್ಮಾನ ಬಂದಿಲ್ಲ. ಬರೆದರೆ ಬಂದೀತೇನೋ ಎಂಬ ಆಸೆಯಿಂದ ಬರೆಯುತ್ತಿದ್ದೇನೆ.

ನಾನು ಕುಶಾಲನಗರದ ಕಡೆಯವಳು. ನಮ್ಮ ತಾತ ಹಾಸನದಿಂದ ಬಂದು ಅಲ್ಲಿ ಗದ್ದೆ ಮಾಡಿದವರು. ಮಡಿಕೇರಿಯಲ್ಲಿ ಕಾಲೇಜು ಓದುವಾಗ ನಾನು ಚರ್ಚಾಸ್ಪರ್ಧೆಗಳಲ್ಲಿ ಹೆಸರು ಮಾಡಿದ್ದೆ. ಪರವಾಗಿ ಮಾತನಾಡಬೇಕೋ ವಿರೋಧವಾಗಿಯೋ ಎಂಬುದು ವೇದಿಕೆ ಹತ್ತುವುದಕ್ಕೆ ಸ್ವಲ್ಪ ಮೊದಲು ಚೀಟಿ ಎತ್ತಿದಾಗಲೇ ತಿಳಿಯುತ್ತಿತ್ತು. ಹಾಗಾಗಿ ಯಾವ ವಿಷಯ ಕೊಟ್ಟರೂ ಎರಡೂ ಕಡೆಯ ವಾದವನ್ನು ಸಮನಾಗಿ ಸಿದ್ಧಪಡಿಸಿಕೊಳ್ಳುವ ಅಭ್ಯಾಸ ನನ್ನಲ್ಲಿ ಬೇರೂರಿತು. ಅದನ್ನು ನಾನು ನ್ಯಾಯಬುದ್ಧಿಯೆಂದು ನಂಬಿದ್ದೆ. ಹಳ್ಳಿಯ ಹೆಂಗಸರ ಸಣ್ಣ ಉದ್ಯಮಗಳಿಗೆ ನೆರವಾಗುವ ಒಂದು ಸಂಸ್ಥೆ ನನ್ನನ್ನು ಕೆಲಸಕ್ಕೆ ತೆಗೆದುಕೊಂಡು ಬಿಟ್ಟಂಗಾಲದ ಲೀಲಕ್ಕನಲ್ಲಿಗೆ ಕಳಿಸಿದಾಗ, ಈ ನಾಡಿನ ಒಂದು ಮೂಲೆಯಲ್ಲಾದರೂ ಅನ್ಯಾಯವನ್ನು ಸರಿಪಡಿಸಿಯೇ ಹಿಂತಿರುಗುತ್ತೇನೆಂದು ಮನೆಯಲ್ಲಿ ಹೇಳಿ ಬಂದಿದ್ದೆ.

ಲೀಲಕ್ಕನಿಗೆ ಆಗ ಐವತ್ತು ದಾಟಿತ್ತು. ಭಾಗಮಂಡಲದ ಕಡೆಯಿಂದ ಮದುವೆಯಾಗಿ ಇಲ್ಲಿಗೆ ಬಂದವರು, ಮಾತು ಅರೆಭಾಷೆ. ಎಸ್ಟೇಟಿನಲ್ಲಿ ರೈಟರ್ ಆಗಿ ಆಳುಗಳ ಹಾಜರಿ ಬರೆಯುತ್ತಿದ್ದ ಗಂಡ ತೀರಿಕೊಂಡ ಮೇಲೆ, ಅತ್ತೆ ಮಾಡುತ್ತಿದ್ದ ಕಾಚಂಪುಳಿಯನ್ನೇ ಕೈಗೆ ತೆಗೆದುಕೊಂಡಿದ್ದರು. ಜೊತೆಗೆ ಪಾತುಮ್ಮ ಇದ್ದರು. ನೆಲ್ಯಹುದಿಕೇರಿಯವರು, ಮಲಯಾಳಂ ಮಾತಾಡುವವರು, ಎಸ್ಟೇಟಿನ ಆಳುಗಳ ಸಾಲುಮನೆಯಾದ ಲೈನಿನಲ್ಲಿ ವಾಸ. ಕಾಫಿ ಕೊಯ್ಯುವ ಕೆಲಸವಿಲ್ಲದ ಮಳೆಗಾಲವಿಡೀ ಲೀಲಕ್ಕನ ಒಲೆಯ ಮುಂದೆ ಅವರದೇ ರಾಜ್ಯ.

ಲೀಲಕ್ಕನಿಗೆ ಸ್ವಂತದ್ದೆಂದು ಒಂದೂ ಪಣಪುಳಿ ಮರವಿರಲಿಲ್ಲ. ಸುತ್ತಲಿನ ಹನ್ನೊಂದು ಮನೆಗಳವರು ತಮ್ಮ ಕಾಫಿತೋಟದಲ್ಲಿ ಉದುರಿದ ಹಣ್ಣನ್ನು ಹೆಕ್ಕಿಕೊಳ್ಳಲು ಬಿಡುತ್ತಿದ್ದರು. ಅದು ನಿಂತರೆ ಒಲೆಯೂ ನಿಂತಂತೆ. ಆ ವರ್ಷ ಹೊರಗಿನ ವ್ಯಾಪಾರಿಯೊಬ್ಬ, ಸಿಪ್ಪೆ ಒಣಗಿಸಿ ದೂರದೂರಿಗೆ ಕಳಿಸುವವನು, ಮನೆಮನೆಗೆ ಜೀಪಿನಲ್ಲಿ ಬಂದು ಇಡೀ ಮರಗಳನ್ನೇ ಗುತ್ತಿಗೆಗೆ ಕೇಳುತ್ತಿದ್ದ. ಯಾರೂ ಇನ್ನೂ ಹೂಂ ಅಂದಿರಲಿಲ್ಲ. ಈ ಸಂಗತಿಯನ್ನು ಲೀಲಕ್ಕ ಮೊದಲ ದಿನವೇ ನನಗೆ ಹೇಳಿದ್ದರು. ನಾನು ನೋಟುಪುಸ್ತಕದಲ್ಲಿ ‘ಅಪಾಯಗಳು’ ಎಂಬ ತಲೆಬರಹದಡಿ ಬರೆದುಕೊಂಡು, ಅದಕ್ಕೊಂದು ಗೆರೆ ಎಳೆದು, ಮುಂದಿನ ಪುಟಕ್ಕೆ ಹೋಗಿದ್ದೆ.

ಕೆಲಸ ನಿಧಾನದ್ದು. ಬೆಳಿಗ್ಗೆ ಹೆಕ್ಕಿ ತಂದ ಹಣ್ಣನ್ನು ಬಿದಿರು ಬುಟ್ಟಿಗೆ ತುಂಬಿ, ಬುಟ್ಟಿಯನ್ನು ಮಡಕೆಯ ಬಾಯಿಯ ಮೇಲೆ ಕೂರಿಸಿಬಿಡುತ್ತಾರೆ. ಹಣ್ಣು ತನ್ನಷ್ಟಕ್ಕೆ ಕಳಿತು, ಕುಸಿದು, ದಿನಗಟ್ಟಲೆ ರಸ ತೊಟ್ಟಿಕ್ಕುತ್ತದೆ. ಹಿಂಡುವಂತಿಲ್ಲ. ಆ ರಸವನ್ನು ಸೌದೆಯ ಸಣ್ಣ ಉರಿಯಲ್ಲಿ ಇಟ್ಟರೆ ಮೊದಲು ಕೆಂಪಾಗಿ, ಆಮೇಲೆ ಕಂದಾಗಿ, ಕೊನೆಗೆ ಕಪ್ಪಾಗುತ್ತದೆ. ಪಾತುಮ್ಮ ಕಡ್ಡಿಯಲ್ಲಿ ಅದ್ದಿ ಒಂದು ತೊಟ್ಟನ್ನು ಒಲೆಯ ಕಲ್ಲಿನ ಮೇಲೆ ಬೀಳಿಸುತ್ತಿದ್ದರು. ತೊಟ್ಟು ಹರಿಯದೆ ಬಿದ್ದಲ್ಲೇ ನಿಂತರೆ ಇಳಿಸಬಹುದು. ಹೊರಗೆ ಎಡೆಬಿಡದ ಮಳೆ, ಒಳಗೆ ಕಣ್ಣುರಿಸುವ ಹುಳಿ ಹೊಗೆ. ಮೊದಲ ವಾರ ನಾನು ಅತ್ತುಕೊಂಡೇ ಕೆಲಸ ಮಾಡಿದೆ.

“ಬಾ ಗೂಡೆ, ಕುದ್ರ್. ಹೊಗೆಗೆ ಅಳ್ದು ಒಳ್ಳೇದ್, ಕಣ್ಣ್ ಚೊಕ್ಕ ಆದೆ” ಎನ್ನುತ್ತಿದ್ದರು ಲೀಲಕ್ಕ. ಕುದ್ರ್ ಎಂದರೆ ಕೂತುಕೊ, ಗೂಡೆ ಎಂದರೆ ಅವರ ಮಾತಿನಲ್ಲಿ ಹುಡುಗಿ. ಇಪ್ಪತ್ತೈದು ತುಂಬಿದ, ಹೆಗಲಿಗೆ ಲ್ಯಾಪ್‌ಟಾಪ್ ಏರಿಸಿಕೊಂಡು ಬಂದ ನನಗೆ ಆ ಹೆಸರು ಆ ಮಳೆಗಾಲದುದ್ದಕ್ಕೂ ಉಳಿಯಿತು.

ಮನೆಗಳಿಗೆ ಕೊಟ್ಟು ಉಳಿದ ಕಾಚಂಪುಳಿಯನ್ನು ಆವರೆಗೆ ಪೇಟೆಯ ಒಂದು ಅಂಗಡಿ ಒಯ್ದು ತನ್ನ ಹೆಸರಿನಲ್ಲಿ ಮಾರುತ್ತಿತ್ತು. ಲೀಲಕ್ಕನ ಹೆಸರು ಎಲ್ಲಿಯೂ ಇರಲಿಲ್ಲ. ಇದನ್ನು ಸರಿಪಡಿಸುವುದೇ ನನ್ನ ಕರ್ತವ್ಯವೆಂದುಕೊಂಡು, ಹಳೆಯ ಕ್ಯಾಲೆಂಡರಿನ ಬೆನ್ನಿನ ಮೇಲೆ ದಾರಿಗಳನ್ನು ಬರೆದು ಗೋಡೆಗೆ ಅಂಟಿಸಿದೆ.

“ಮೊದಲನೇದು ಜಾಹೀರಾತು. ನಾವು ದುಡ್ಡು ಕಟ್ಟಿದರೆ ಜನರ ಫೋನಿನಲ್ಲಿ ನಮ್ಮ ಚಿತ್ರ ತಾನಾಗಿ ಕಾಣಿಸುತ್ತೆ” ಎಂದೆ.

“ಅವು ಕರೆಯದೆ?” ಲೀಲಕ್ಕ ಕೇಳಿದರು.

“ಹೌದು, ಕರೆಯದೆಯೇ.”

“ಕರೆಯದೆ ಇನ್ನೊಬ್ಬರ ಮನೆ ಒಳಗೆ ಹೋದು ಮರ್ಯಾದಿ ಅಲ್ಲ.”

“ಸರಿ. ಹಾಗಾದ್ರೆ ದೊಡ್ಡ ಮಾರಾಟದ ತಾಣದಲ್ಲಿ ಸೇರಿಕೊಳ್ಳೋದು. ಅಲ್ಲಿ ಜನ ಹುಡುಕಿಕೊಂಡು ಬರ್ತಾರೆ. ಆದ್ರೆ ನಮ್ಮ ಪಕ್ಕದಲ್ಲೇ ಇನ್ನೂ ನೂರು ಜನ ಇಟ್ಕೊಂಡು ಕೂತಿರ್ತಾರೆ.”

“ಸಂತೆ ಅಂತ ಹೇಳು ಮೋಳೆ” ಎಂದರು ಪಾತುಮ್ಮ, ಸೌದೆ ಸರಿಸುತ್ತ. ಮೋಳೆ ಎಂದರೆ ಅವರ ಮಲಯಾಳಂನಲ್ಲಿ ಮಗಳು. “ಸಂತೆಯಲ್ಲಿ ಒಳ್ಳೇದ್ ಯಾರ್ದು ಅಂತ ಗೊತ್ತಾಗೂದಿಲ್ಲ. ಗಂಟಲು ದೊಡ್ಡದಿದ್ದವನದ್ದೇ ಒಳ್ಳೇದ್.”

“ಇಲ್ಲಾಂದ್ರೆ ನಮ್ಮದೇ ಸ್ವಂತ ವೆಬ್‌ಸೈಟು.”

“ಅಲ್ಲಿಗೆ ಯಾರ್ ಬಾದು?”

“ಯಾರಿಗಾದ್ರೂ ಗೊತ್ತಾದ್ರೆ ಬರ್ತಾರೆ.”

“ಗೊತ್ತಾಕೆ ಎಂಥ ಮಾಡೊಕು?”

“ಜಾಹೀರಾತು” ಎಂದು ನಾನು ಒಪ್ಪಿಕೊಳ್ಳಬೇಕಾಯಿತು. ಪಾತುಮ್ಮ ನಕ್ಕ ನಗೆಗೆ ಬೂದಿ ಹಾರಿತು.

ಹೊರಗೆ ನೆಲೆಸಿದ ಕೊಡಗಿನವರ ವಾಟ್ಸಾಪ್ ಗುಂಪುಗಳಿಗೆ ಕಳಿಸುವುದು ಇನ್ನೊಂದು ದಾರಿ. ಅಡುಗೆಯ ವೀಡಿಯೊ ಮಾಡುವವರಿಗೆ ಬಾಟಲಿ ಕಳಿಸಿ ನಾಲ್ಕು ಮಾತು ಆಡಿಸುವುದು ಮತ್ತೊಂದು. ಪ್ರತಿಯೊಂದರ ಪರವಾಗಿಯೂ ವಿರೋಧವಾಗಿಯೂ ನಾನು ಮೂರು ನಿಮಿಷದ ಭಾಷಣ ಸಿದ್ಧಪಡಿಸಬಲ್ಲವಳಾಗಿದ್ದೆ, ಸಿದ್ಧಪಡಿಸಿದೆ ಕೂಡ. ಕೊಡೆ ಹಿಡಿದು ಬಾಡಿಗೆ ಕೋಣೆಗೆ ನಡೆಯುವಾಗ ಮನಸ್ಸಿನಲ್ಲೇ ಒಂದು ಪಕ್ಷವನ್ನು ಗೆಲ್ಲಿಸುತ್ತಿದ್ದೆ. ಕೋಣೆ ತಲುಪುವಷ್ಟರಲ್ಲಿ ಎದುರು ಪಕ್ಷ ಗೆದ್ದಿರುತ್ತಿತ್ತು. ಜಾಹೀರಾತು ವೇಗವುಳ್ಳದ್ದು, ಆದರೆ ನಾಚಿಕೆಯಿಲ್ಲದ್ದು. ಗುಂಪು ನಂಬಿಕೆಯುಳ್ಳದ್ದು, ಆದರೆ ಸೀಮಿತ. ಸ್ಪರ್ಧೆಗಳಲ್ಲಿ ತೀರ್ಪು ಕೊಡಲು ಮೂವರು ಮೇಷ್ಟ್ರು ಎದುರಿಗೆ ಕೂತಿರುತ್ತಿದ್ದರು. ಇಲ್ಲಿ ಎದುರಿಗಿದ್ದದ್ದು ಕುದಿಯುವ ಮಡಕೆ. ಕೊನೆಗೆ ನಾನು ಏನನ್ನೂ ಆರಿಸದೆ, ಎಲ್ಲವನ್ನೂ ಸ್ವಲ್ಪ ಸ್ವಲ್ಪ ಮಾಡಿದೆ.

ಮೊದಲ ಜಾಹೀರಾತು ಎರಡು ತಾಸಿನೊಳಗೆ ತಿರಸ್ಕೃತವಾಯಿತು. ಮದ್ಯದ ಪ್ರಚಾರಕ್ಕೆ ಅವಕಾಶವಿಲ್ಲ ಎಂಬ ಯಂತ್ರದ ಉತ್ತರ ಬಂತು. ಅರ್ಥವಾಗದೆ ನಾನು ಮತ್ತೆ ಕಳಿಸಿದೆ. ಈ ಸಲ ಪುಟವನ್ನೇ ಒಂದು ವಾರ ಮುಚ್ಚಿದರು. ಚಿತ್ರವನ್ನು ಹತ್ತು ಸಲ ನೋಡಿದ ಮೇಲೆ ನನಗೆ ಕಂಡದ್ದು ಇದು: ಅಟ್ಟದ ಮೇಲೆ ಸಾಲಾಗಿ ನಿಂತ ಕಾಚಂಪುಳಿಯೆಲ್ಲ ರಮ್ಮಿನ ಬಾಟಲಿಗಳಲ್ಲಿತ್ತು. ಮಿಲಿಟರಿಯಿಂದ ನಿವೃತ್ತರಾದವರು ಮನೆಗೊಬ್ಬರಂತೆ ಇರುವ ಊರಿನಲ್ಲಿ ಕ್ಯಾಂಟೀನಿನ ಖಾಲಿ ಬಾಟಲಿಗೆ ಬರವಿಲ್ಲ. ಕಾಚಂಪುಳಿ ತುಂಬಿಡುವುದು ಅದರಲ್ಲೇ. ಅದು ಇಲ್ಲಿ ಯಾರ ಕಣ್ಣಿಗೂ ರಮ್ಮಿನ ಬಾಟಲಿಯಾಗಿ ಕಾಣುವುದಿಲ್ಲ. ಕೆಲವೇ ವಾರಗಳಲ್ಲಿ ನನ್ನ ಕಣ್ಣಿಗೂ ಕಾಣುವುದು ನಿಂತಿತ್ತು.

“ಯಂತ್ರಕ್ಕೂ ಕುಡಿಯೂ ಆಸೆ ಉಂಟು ಕಾಣ್ತದೆ. ಬಾಟಲಿ ನೋಡಿದ ಕೂಡ್ಲೆ ಗುರ್ತ ಹಿಡೀತಲ್ಲ!” ಎಂದರು ಪಾತುಮ್ಮ.

ಹೊಸ ಗಾಜಿನ ಸಣ್ಣ ಬಾಟಲಿಗಳನ್ನು ತರಿಸಿದೆ. ಲೀಲಕ್ಕನ ಹೆಸರಿರುವ ಚೀಟಿ ಅಚ್ಚು ಹಾಕಿಸಿದೆ. ಲೀಲಕ್ಕ ಆ ಚೀಟಿಯ ಮೇಲೆ ಬೆರಳಾಡಿಸಿ ತಮ್ಮ ಹೆಸರನ್ನು ಎರಡು ಸಲ ಓದಿದರು. ಮೂರನೆಯ ಸಲ ಪಾತುಮ್ಮನಿಂದ ಓದಿಸಲು ಹೋಗಿ, ಅವರಿಗೆ ಕನ್ನಡ ಓದು ಬಾರದೆಂದು ನೆನಪಾಗಿ, ತಾವೇ ಮತ್ತೊಮ್ಮೆ ಓದಿ ಹೇಳಿದರು. ಆ ದಿನದ ಮಟ್ಟಿಗೆ ನನಗೆ ಯಾವ ಗೊಂದಲವೂ ಇರಲಿಲ್ಲ ಎಂದು ಇಂದಿಗೂ ಪ್ರಮಾಣ ಮಾಡಿ ಹೇಳಬಲ್ಲೆ.

ಜುಲೈ ಕಳೆಯುವಷ್ಟರಲ್ಲಿ ಬೇಡಿಕೆಗಳು ಬರತೊಡಗಿದವು. ಮೊದಲು ಒಂದೆರಡು, ಆಮೇಲೆ ದಿನಕ್ಕೆ ಹತ್ತು, ಹದಿನೈದು. ಯಾವ ದಾರಿಯಿಂದ ಬಂದವು ಎಂಬುದು ಮಾತ್ರ ತಿಳಿಯಲಿಲ್ಲ. ಒಬ್ಬರು ವೀಡಿಯೊ ನೋಡಿದೆ ಎಂದರು. ಇನ್ನೊಬ್ಬರಿಗೆ ಚಿಕ್ಕಮ್ಮ ಫೋಟೊ ಕಳಿಸಿದ್ದರು. ಮತ್ತೊಬ್ಬರು ಜಾಹೀರಾತಿನಿಂದ ಬಂದಂತೆ ತೋರಿದರೂ, ಕೇಳಿದರೆ ಅವರ ತಾಯಿ ಬಿಟ್ಟಂಗಾಲದವರು. ಪ್ರತಿ ತಾಣವೂ ಗಿರಾಕಿಯನ್ನು ತಂದದ್ದು ತಾನೇ ಎಂದು ವರದಿ ಕಳಿಸುತ್ತಿತ್ತು. ಎಲ್ಲರ ವರದಿಗಳನ್ನು ಕೂಡಿಸಿದರೆ ನಾವು ಮಾರಿದ ಬಾಟಲಿಗಳಿಗಿಂತ ಬಂದ ಗಿರಾಕಿಗಳೇ ಹೆಚ್ಚಾಗುತ್ತಿದ್ದರು. ನನ್ನ ಸಂಸ್ಥೆಯವರು ಫೋನು ಮಾಡಿ, ಯಾವ ವಿಧಾನ ಫಲ ಕೊಟ್ಟಿತು, ಬೇರೆ ಊರುಗಳಿಗೂ ಅದನ್ನೇ ಹೇಳೋಣ ಎಂದು ಕೇಳಿದರು. ಎಲ್ಲವೂ, ಎಂದೆ. ಅದು ಉತ್ತರವಲ್ಲವೆಂದು ಅವರಿಗೂ ಗೊತ್ತಿತ್ತು, ನನಗೂ.

ಆದರೆ ಕಾಚಂಪುಳಿ ಬೇಡಿಕೆಯ ವೇಗದಲ್ಲಿ ಆಗುವ ವಸ್ತುವಲ್ಲ. ಆಗಸ್ಟ್ ಮಧ್ಯದ ಹೊತ್ತಿಗೆ ನಮ್ಮ ಹೊಸ ಬಾಟಲಿಗಳೆಲ್ಲ ಹೋಗಿ, ಇನ್ನೂ ಮೂವತ್ತು ಮಂದಿ ಕಾಯುತ್ತಿದ್ದರು. ಅಟ್ಟದ ಮೇಲೆ ಮಾತ್ರ ಹನ್ನೊಂದು ರಮ್ಮಿನ ಬಾಟಲಿಗಳು ಕತ್ತಿನವರೆಗೆ ತುಂಬಿ ನಿಂತಿದ್ದವು. ಪ್ರತಿಯೊಂದರ ಕೊರಳಿಗೂ ಒಂದೊಂದು ಬಣ್ಣದ ದಾರ.

“ಅವನ್ನು ಯಾಕೆ ಇಟ್ಟಿದೀರಿ ಲೀಲಕ್ಕ?”

“ಅದ್ ಮನೆಗಳದ್ದ್. ಮಾರಿಕೆ ಇರ್ದಲ್ಲ.”

ಹಣ್ಣು ಹೆಕ್ಕಲು ಶುರುವಾಗುವ ಮೊದಲು ಪ್ರತಿ ಮನೆಯೂ ತನ್ನ ಖಾಲಿ ಬಾಟಲಿಗೆ ತನ್ನ ಬಣ್ಣದ ದಾರ ಕಟ್ಟಿ ಕಳಿಸುತ್ತದೆ. ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬಕ್ಕೆ ಮುಂಚೆ, ಅಂದಿನ ಹಂದಿ ಅಡುಗೆಗೆ ಆಗುವಂತೆ, ಅದು ತುಂಬಿ ಹಿಂತಿರುಗಬೇಕು. ಅತ್ತೆಯ ಕಾಲದಿಂದ ನಡೆದು ಬಂದದ್ದು. ಬೆಲೆಯ ಮಾತಿಲ್ಲ.

ನನ್ನೊಳಗಿನ ಭಾಷಣಕಾರ್ತಿ ಎದ್ದು ನಿಂತಳು. ಹಣ್ಣು ಹೆಕ್ಕದಿದ್ದರೆ ಆ ಮರಗಳ ಕೆಳಗೆ ಕೊಳೆತು ಹೋಗುತ್ತದೆ. ತೋಟದವರು ಅದಕ್ಕೆ ಬಾಗಿ ಬೆನ್ನು ನೋಯಿಸಿಕೊಂಡಿಲ್ಲ, ಹೊಗೆ ಕುಡಿದಿಲ್ಲ. ದುಡಿದವಳು ತನ್ನ ಅತ್ಯುತ್ತಮ ಹನ್ನೊಂದು ಬಾಟಲಿಗಳನ್ನು ಎಕರೆಗಟ್ಟಲೆ ತೋಟವುಳ್ಳವರ ಬಾಗಿಲಿಗೆ ಒಯ್ದು ಒಪ್ಪಿಸುವುದು ಯಾವ ನ್ಯಾಯ? ಲೀಲಕ್ಕ, ಇದನ್ನು ನಮ್ಮ ಕಡೆ ಬಿಟ್ಟಿ ಚಾಕರಿ ಎನ್ನುತ್ತಾರೆ, ಬಿಟ್ಟಿ. ಹೀಗೆ ನಾನು ಬಹಳ ಹೊತ್ತು ಮಾತನಾಡಿದೆ. ಒಳ್ಳೆಯ ಭಾಷಣವಾಗಿತ್ತು. ಅದರಲ್ಲಿ ಸುಳ್ಳು ಯಾವುದು ಎಂದು ಕೇಳಿದರೆ ಈಗಲೂ ಬೆರಳಿಟ್ಟು ತೋರಿಸಲಾರೆ.

ಲೀಲಕ್ಕ ಮಡಕೆಯ ರಸವನ್ನು ತಿರುವುತ್ತ ಕೇಳಿಸಿಕೊಂಡರು. “ನೀ ಹೇಳ್ದು ಕೇಳಿಕೆ ಸರಿ ಉಟ್ಟು” ಎಂದರು. “ಎದುರು ಹೇಳಿಕೆ ನಂಗೆ ಬಾದುಲೆ.”

“ಎದುರು ಹೇಳೋದು ಏನಾದ್ರೂ ಇದ್ಯಾ?”

“ಉಟ್ಟು ಹೇಳಿ ಕಂಡದೆ. ಎಂಥ ಹೇಳಿ ಗೊತ್ತಾದುಲೆ.”

ಇದೆಯೆನಿಸಿದರೂ ಏನೆಂದು ಹೇಳಲಾಗದ ವಾದ ವಾದವಲ್ಲ. ನಾನು ಕಲಿತ ಶಾಲೆಯ ನಿಯಮ ಅದು. ಮರುದಿನ ಬೆಳಿಗ್ಗೆ ಹನ್ನೊಂದು ಬಾಟಲಿಗಳನ್ನೂ ಇಳಿಸಿ ಸಣ್ಣ ಬಾಟಲಿಗಳಿಗೆ ಸುರಿದೆವು. ಸುರಿಯುವಾಗ ಲೀಲಕ್ಕ ಹೊರಗೆ ಹೋಗಿ ಹಿತ್ತಲಲ್ಲಿ ನಿಂತರು. ಪಾತುಮ್ಮ ನನ್ನತ್ತ ನೋಡದೆ, “ಮೋಳೆ, ನೀನು ಕೋರ್ಟಿಗೆ ಹೋಗ್ಬೇಕಿತ್ತು. ಇಲ್ಲಿಗೆ ಯಾಕೆ ಬಂದೆ?” ಎಂದಷ್ಟೇ ಹೇಳಿದರು. ಮೂವತ್ತು ಪೊಟ್ಟಣಗಳು ಅಂದೇ ಕೊರಿಯರಿಗೆ ಹೋದವು.

ಮನೆಗಳವರನ್ನು ಬರಿಗೈಯಲ್ಲಿ ಬಿಡುವುದು ಸೌಜನ್ಯವಲ್ಲವೆಂದು ನನಗೂ ಅನ್ನಿಸಿತ್ತು. ಆದ್ದರಿಂದ ಆ ಹನ್ನೊಂದು ಮನೆಗಳ ಫೋನುಗಳಿಗೆ ಒಂದು ಸಂದೇಶ ಕಳಿಸಿದೆ. ಹೂವಿನ ಅಂಚಿನ ನಡುವೆ, ಲೀಲಕ್ಕನ ನಗುವ ಚಿತ್ರದ ಕೆಳಗೆ, ಹೀಗಿತ್ತು: ‘ನಮ್ಮ ಹಳೆಯ ಗ್ರಾಹಕರಿಗೆ ಕೈಲ್ ಪೊಳ್ದ್ ಹಬ್ಬದ ವಿಶೇಷ ರಿಯಾಯಿತಿ! ಮುಂದಿನ ಋತುವಿನ ಕಾಚಂಪುಳಿಯನ್ನು ಇಂದೇ ಕಾಯ್ದಿರಿಸಿ.’

ಮರುದಿನ ಮಧ್ಯಾಹ್ನ ಬೋಪಣ್ಣನವರ ಜೀಪು ಅಂಗಳಕ್ಕೆ ಬಂತು. ಕೆಂಪು ದಾರದ ಮನೆಯವರು, ನಗೆಗಾರರು, ಯಾವಾಗ ಬಂದರೂ ಪಾತುಮ್ಮನನ್ನು ಕೆಣಕದೆ ಹೋದವರಲ್ಲ. ಅಂದು ಒಳಗೆ ಬರಲಿಲ್ಲ. ಜೀಪಿನಲ್ಲೇ ಕೂತು ಫೋನನ್ನು ಕಿಟಕಿಯಿಂದ ಹೊರಗೆ ಚಾಚಿದರು.

“ಎಂಥ ಲೀಲಮ್ಮ, ಇದು ಎಂಥ? ನನ್ನ ಮರದ ಹುಳಿ ನಂಗೇ ಡಿಸ್ಕೌಂಟ್‌ನಲ್ಲಿ ಕೊಡ್ತೀರಾ?”

ಲೀಲಕ್ಕ ನನ್ನತ್ತ ನೋಡಿದರು. ಆ ಸಂದೇಶದ ವಿಷಯ ಅವರಿಗೆ ಗೊತ್ತೇ ಇರಲಿಲ್ಲ.

“ಸರ್, ಅದು ನಾನು ಕಳಿಸಿದ್ದು” ಎಂದೆ. “ಅಲ್ಲಿ ಒಂದು ತತ್ವದ ಪ್ರಶ್ನೆ ಇದೆ...”

“ತತ್ವ ಇರ್ಲಿ ಮಾರಾಯ್ತಿ. ನಂಗೆ ನಗು ಬಂತು, ನಕ್ಕೆ. ನನ್ನ ಹೆಂಡತಿ ನಗ್ಲಿಲ್ಲ. ಆ ಮೇಲಿನ ಮನೆ ದೇಚಮ್ಮಜ್ಜಿಗೆ ಮೊಮ್ಮಗಳು ಇದನ್ನ ಓದಿ ಹೇಳಿದ್ದಾಳೆ. ಅಜ್ಜಿ ಎರಡು ಸಲ ಓದಿಸಿ ಕೇಳಿತಂತೆ.  ನಿನ್ನೆ ಸಾಯಂಕಾಲ ಆ ಸಿಪ್ಪೆ ವ್ಯಾಪಾರಿಯ ಜೀಪು ಅಲ್ಲಿ ನಿಂತಿತ್ತು. ನೋಡಿಕೊಳ್ಳಿ.”

ಜೀಪು ಹಿಂದಕ್ಕೆ ತಿರುಗಿ ಹೋಯಿತು. ದೇಚಮ್ಮಜ್ಜಿಯದು ನೀಲಿ ದಾರ. ಹನ್ನೊಂದು ತೋಟಗಳ ಪೈಕಿ ಅತಿ ಹೆಚ್ಚು ಪಣಪುಳಿ ಇದ್ದದ್ದು ಅವರಲ್ಲಿ. ಅವರು ಗುತ್ತಿಗೆಗೆ ಕೊಟ್ಟರೆ ಉಳಿದವರೂ ಹಿಂಬಾಲಿಸುತ್ತಾರೆಂಬುದು ಲೀಲಕ್ಕನ ಮುಖದಲ್ಲೇ ಬರೆದಿತ್ತು. ನಾನು ಜಗಲಿಯ ಮೇಲೆ ಕೂತೆ. ಹಣ್ಣು ಅವರದು, ದುಡಿಮೆ ಇವರದು, ಬಾಟಲಿ ಇಬ್ಬರದೂ ಎಂಬಷ್ಟು ಸರಳವಾದ ಲೆಕ್ಕ ಆ ಗಳಿಗೆಯವರೆಗೆ ನನಗೆ ಹೊಳೆದಿರಲಿಲ್ಲ. ಹೊಳೆದ ಮೇಲೂ ನನ್ನ ಹಿಂದಿನ ವಾದ ಸಾಯಲಿಲ್ಲ ಎಂಬುದೇ ಕಷ್ಟ. ಎಕರೆಗಟ್ಟಲೆ ಭೂಮಿ ಒಬ್ಬರಿಗೆ, ಉದುರಿದ ಹಣ್ಣಿಗೂ ಅನುಮತಿ ಬೇಡುವ ಸ್ಥಿತಿ ಇನ್ನೊಬ್ಬರಿಗೆ; ಇದೂ ನಿಜವೇ ಅಲ್ಲವೆ? ಎರಡು ನಿಜಗಳು ನನ್ನ ತಲೆಯಲ್ಲಿ ಒಂದನ್ನೊಂದು ಕೇಳಿಸಿಕೊಳ್ಳದೆ ಏಕಕಾಲಕ್ಕೆ ಮಾತನಾಡುತ್ತಿದ್ದವು.

ಹಬ್ಬಕ್ಕೆ ಹನ್ನೆರಡು ದಿನ ಉಳಿದಿತ್ತು. ಲೀಲಕ್ಕ ಬುಟ್ಟಿ ತೆಗೆದುಕೊಂಡು ಹೊರಟರು. ಹಣ್ಣಿನ ಕಾಲ ಮುಗಿಯುತ್ತ ಬಂದಿತ್ತು. ಕೊಂಬೆಯ ತುದಿಯಲ್ಲಿ ಉಳಿದವು ಮಳೆ ಕುಡಿದು ಸಪ್ಪೆಯಾಗಿದ್ದವು. ದೇಚಮ್ಮಜ್ಜಿಯ ಗೇಟಿಗೆ ಸರಪಳಿ ಬಿದ್ದಿತ್ತು. ಇನ್ನೆರಡು ತೋಟಗಳಲ್ಲಿ ಯಾರೂ ತಡೆಯಲಿಲ್ಲ, ಯಾರೂ ಮಾತಾಡಿಸಲೂ ಇಲ್ಲ. ನಾವು ಮೂವರೂ ರಸ್ತೆಬದಿಯ ಮರಗಳಡಿಯಲ್ಲಿ, ತೋಡಿನ ಅಂಚಿನಲ್ಲಿ, ಜಿಗಣೆ ಕೀಳುತ್ತ ಹೆಕ್ಕಿದೆವು. ಬೋಪಣ್ಣನವರ ತೋಟದಲ್ಲಿ ಅವರ ಹೆಂಡತಿ ವರಾಂಡದಿಂದ ನಮ್ಮನ್ನು ನೋಡುತ್ತಲೇ ಇದ್ದರು. ಬಾಗಿಲು ಹಾಕಿಕೊಂಡು ಒಳಗೆ ಹೋಗಲಿಲ್ಲ ಎಂಬುದನ್ನೇ ಲೀಲಕ್ಕ ಒಳ್ಳೆಯ ಲಕ್ಷಣವೆಂದರು.

ನಾನು ಎಲ್ಲ ಜಾಹೀರಾತುಗಳನ್ನೂ ನಿಲ್ಲಿಸಿದೆ. ಹೊಸದಾಗಿ ಬರುತ್ತಿದ್ದ ಗಿರಾಕಿಗಳಿಗೆ, ಈ ವರ್ಷ ಮುಗಿಯಿತು, ಕ್ಷಮಿಸಿ, ಎಂದು ಬರೆದೆ. ಇದು ಗಿರಾಕಿಗಳ ಆಸೆ ಹೆಚ್ಚಿಸುವ ತಂತ್ರವೆಂದು ತಿಳಿದು ಅವರು ಇನ್ನಷ್ಟು ಕೇಳತೊಡಗಿದರು. ನನ್ನ ಸಂಸ್ಥೆಯವರು, ಬಹಳ ಜಾಣತನದ ಹೆಜ್ಜೆ, ಎಂದು ಮೆಚ್ಚಿದರು.

ನೀರು ಹೆಚ್ಚಿದ ರಸ ಎಷ್ಟು ಕುದಿದರೂ ಕಪ್ಪಾಗಲೊಲ್ಲದು. ಪಾತುಮ್ಮನ ಕಡ್ಡಿಯ ತೊಟ್ಟು ಕಲ್ಲಿನ ಮೇಲೆ ಹರಿದು ಹರಿದು ಹೋಗುತ್ತಿತ್ತು. “ಸ್ವಲ್ಪ ಬೆಲ್ಲ ಸುಟ್ಟು ಹಾಕಿದ್ರೆ ಬಣ್ಣ ಬರ್ತದೆ” ಎಂದು ಅವರೊಮ್ಮೆ ಅಂದು, ಲೀಲಕ್ಕನ ನೋಟ ಕಂಡು, “ನಾನು ಹಾಕು ಅಂತ ಹೇಳ್ಲಿಲ್ಲ, ಬರ್ತದೆ ಅಂತ ಹೇಳಿದ್ದು” ಎಂದು ತಿದ್ದಿಕೊಂಡರು. ಎಂಟನೆಯ ದಿನ ತೊಟ್ಟು ನಿಂತಿತು. ಇಳಿಸಿ ಅಳೆದರೆ ಆರು ಬಾಟಲಿಗೆ ಆಗುವಷ್ಟು ಮಾತ್ರ.

“ಹೆಚ್ಚು ಮರ ಇರುವ ಆರು ಮನೆಗಳಿಗೆ ತುಂಬಿಸಿ ಕೊಡೋಣ” ಎಂದೆ. “ಉಳಿದ ಐವರಿಗೆ ಮುಂದಿನ ವರ್ಷ ಕೊಡ್ತೀವಿ ಅಂತ ಕೇಳಿಕೊಳ್ಳೋಣ. ಹಣ್ಣು ಉಳಿಯಬೇಕಾದ್ರೆ ಅದೇ ಸರಿಯಾದ ದಾರಿ.”

ಲೀಲಕ್ಕ ಎದ್ದರು. ಹನ್ನೊಂದು ಬಾಟಲಿಗಳನ್ನು ತೊಳೆದು ಸಾಲಾಗಿ ನಿಲ್ಲಿಸಿದರು. ಒಂದೇ ತೆಂಗಿನಚಿಪ್ಪಿನಿಂದ ಒಂದಕ್ಕೆ ಒಂದರಂತೆ ಹಾಕುತ್ತ ಬಂದರು. ಎಲ್ಲವೂ ಅರ್ಧದ ಮೇಲೆ ಒಂದು ಬೆರಳು ನಿಂತವು. “ಎಲ್ಲರ ಮುಂದೆನೂ ಒಂದೇ ತಪ್ಪ್ ಹೇಳೊಕು. ಮನೆಗೊಂದು ನಮೂನೆ ಹೇಳಿಕೆ ನಂಗೆ ನೆನಪ್ ಇರ್ದುಲೆ” ಎಂದರು.

ಎರಡು ದಿನ ಮನೆಮನೆಗೆ ನಡೆದೆವು. ಪ್ರತಿ ಬಾಗಿಲಿನಲ್ಲೂ ಲೀಲಕ್ಕ ಅದೇ ಮಾತು ಹೇಳಿದರು: ನಿಮ್ಮ ಬಾಟಲಿ ಮಾರಿಬಿಟ್ಟೆ, ತಪ್ಪಾಯಿತು, ಇಷ್ಟೇ ಆಯಿತು. ನನ್ನ ಹೆಸರು ಒಮ್ಮೆಯೂ ತೆಗೆಯಲಿಲ್ಲ. ಮೊದಲ ಮನೆಯಲ್ಲಿ ನಾನು ಬಾಯಿ ತೆರೆದೆ. ಅವರು ನನ್ನ ಕಾಲನ್ನು ತಮ್ಮ ಕಾಲಿನಿಂದ ಒತ್ತಿದರು. ಕೆಲವರು ಒಳಗೆ ಕರೆದು ಕಾಫಿ ಕೊಟ್ಟರು. ಕೆಲವರು ಬಾಟಲಿ ತೆಗೆದುಕೊಂಡು ತಲೆಯಾಡಿಸಿದರು. ಬೋಪಣ್ಣನವರು ಬಾಟಲಿಯನ್ನು ಹೆಂಡತಿಯ ಕೈಗೆ ಕೊಟ್ಟು, “ಈ ಹಬ್ಬಕ್ಕೆ ಅರ್ಧ ಹಂದಿ ತಂದ್ರೆ ಸಾಕು” ಎಂದರು. ಅವರ ಹೆಂಡತಿ ಕೊನೆಗೂ ನಕ್ಕರು.

ಕೊನೆಗೆ ಉಳಿದದ್ದು ದೇಚಮ್ಮಜ್ಜಿ. ಎಂಬತ್ತು ಮೀರಿದ ಜೀವ, ಕೈಯಲ್ಲಿ ಊರುಗೋಲು. ಲೀಲಕ್ಕ ಹೇಳಿದ್ದನ್ನೆಲ್ಲ ಕೇಳಿ, ಬಾಟಲಿಯನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಕಪ್ಪು ದ್ರವ ಗಾಜಿಗೆ ಅಂಟಿ ಇಳಿಯುವುದನ್ನು ನೋಡಿದರು.

“ಹುಳಿಗೆ ಮೋಸ ಮಾಡ್ಲಿಲ್ಲ ನೀನು” ಎಂದರು. “ನಂಗೆ ಮಾಡಿದ್ದೀಯ.”

“ಹೌದು ಅಜ್ಜಿ.”

“ಆ ಫೋಟೋದಲ್ಲಿ ನೀನು ನಗ್ತಾ ಇದ್ದಿ. ಅದು ನಂಗೆ ಬೇಜಾರಾಯ್ತು.”

ಲೀಲಕ್ಕ ತಲೆ ತಗ್ಗಿಸಿದರು. 

“ಆ ಸಿಪ್ಪೆಯವನಿಗೆ ಇನ್ನೂ ಹೂಂ ಅಂತ ಹೇಳ್ಲಿಲ್ಲ” ಎಂದು ಅಜ್ಜಿ ಎದ್ದರು. “ನೀನು ಅರ್ಧ ಬಾಟಲಿ ತಂದಿದ್ದೀ. ಸರಿ. ಮುಂದಿನ ವರ್ಷ ನಂಗೂ ಅರ್ಧ ತೋಟ ಸಾಕು ನಿಂಗೆ ಬಿಡ್ಲಿಕ್ಕೆ. ಇನ್ನರ್ಧ ಅವನಿಗ್ ಕೊಡ್ತೇನೆ. ಬನ್ನಿ, ತೋರಿಸ್ತೇನೆ. ಆಮೇಲೆ ಗೊತ್ತಾಗ್ಲಿಲ್ಲ ಅಂತ ಹೇಳ್ಬಾರ್ದು.”

ಮೊಮ್ಮಗಳು ಹಿಡಿದ ಕೊಡೆಯಡಿಯಲ್ಲಿ, ಒಂದೊಂದೇ ಹೆಜ್ಜೆಯಿಟ್ಟು, ತೋಟದ ನಡುವೆ ಹೋಗುವ ಜೀಪು ದಾರಿಯವರೆಗೆ ನಮ್ಮನ್ನು ಕರೆದೊಯ್ದರು. ಊರುಗೋಲನ್ನು ಎತ್ತಿ ತೋರಿಸಿದರು. ಇಳಿಜಾರಿನಲ್ಲಿ ದಾರಿಗಿಂತ ಮೇಲಿರುವ ಮರಗಳು ವ್ಯಾಪಾರಿಗೆ. ದಾರಿಯ ಕೆಳಗಿನವು ಲೀಲಕ್ಕನಿಗೆ. ಮೇಲಿನವೇ ಹೆಚ್ಚು, ಮೇಲಿನವೇ ದೊಡ್ಡವು ಎಂಬುದು ನನಗೂ ಕಾಣುತ್ತಿತ್ತು. ಲೀಲಕ್ಕ ಕೈಮುಗಿದು, ಆಗಲಿ ಅಜ್ಜಿ, ಎಂದರು. ಅಜ್ಜಿ ತಿರುಗಿ ನಡೆದರು.

ಗೇಟು ದಾಟಿದೆವು. ಆಮೇಲೆ ತಡೆಯಲಾಗಲಿಲ್ಲ. “ಇದು ಅನ್ಯಾಯ ಲೀಲಕ್ಕ. ನಿಮ್ಮ ತಪ್ಪು ಅರ್ಧ ಬಾಟಲಿಯದ್ದು. ಅವರು ಕಿತ್ತುಕೊಂಡದ್ದು ಮುಕ್ಕಾಲು ತೋಟ. ನೀವು ಒಂದು ಮಾತೂ ಆಡಲಿಲ್ಲ!”

ಲೀಲಕ್ಕ ನಿಂತರು. ಸೆರಗಿನಿಂದ ಮುಖದ ಮಳೆನೀರು ಒರೆಸಿಕೊಂಡು, ಹಿಂತಿರುಗಿ ಆ ಇಳಿಜಾರನ್ನು ನೋಡಿದರು. ಅವರ ತುಟಿಯ ಮೂಲೆ ಅದುರುತ್ತಿತ್ತು, ಅಳುತ್ತಿದ್ದಾರೆಂದುಕೊಂಡೆ.

“ಗೂಡೆ,” ಎಂದರು, “ಈ ಮಳೆಲಿ ಮೇಲೆನ ಮರದ ಹಣ್ಣ್ ಬಿದ್ದರೆ ಅಲ್ಲೇ ನಿಂತದೆನಾ? ಎಲ್ಲ ಉರುಡ್ಕಂಡ್ ಕೆಳಗೇ ಬಂದದೆ.”

ನಾನು ತಿರುಗಿ ನೋಡಿದೆ. ದೇಚಮ್ಮಜ್ಜಿ ಇನ್ನೂ ವರಾಂಡದ ಮೆಟ್ಟಿಲು ಹತ್ತಿರಲಿಲ್ಲ. ಕೊಡೆಯ ಕೆಳಗೆ ನಿಂತು, ಎರಡೂ ಕೈಗಳನ್ನು ಊರುಗೋಲಿನ ಮೇಲಿಟ್ಟು, ನಮ್ಮನ್ನೇ ನೋಡುತ್ತಿದ್ದರು. ಎಂಬತ್ತು ಮಳೆಗಾಲ ಆ ಇಳಿಜಾರಿನಲ್ಲೇ ಕಳೆದವರಿಗೆ ಹಣ್ಣು ಎತ್ತ ಉರುಳುತ್ತದೆಂದು ಗೊತ್ತಿರಲಿಲ್ಲವೆ? ಗೊತ್ತಿತ್ತು ಎಂದು ವಾದಿಸಬಲ್ಲೆ. ಕೋಪದಲ್ಲಿ ಮರೆತಿದ್ದರು ಎಂದೂ ಅಷ್ಟೇ ಚೆನ್ನಾಗಿ ವಾದಿಸಬಲ್ಲೆ. ಅಷ್ಟು ದೂರದಿಂದ ಅವರ ಮುಖ ನನಗೆ ಸರಿಯಾಗಿ ಕಾಣಲಿಲ್ಲ.